ಅಪ್ಪನಿಗೆ ತಿಳಿಯದೆ ಹೋದ ಜ್ವರ

ಕಳೆದ ಫಾಲ್ಗುಣದಲ್ಲಿ ಚಿಂತಾಮಣಿಯ ಕಲ್ಯಾಣ ಮಂಟಪವೊಂದರಲ್ಲಿ ನನ್ನ ಅಕ್ಕನ ಮಗನ ಮದುವೆ ನಡೆಯಿತು. ಧಾರೆ ಮುಗಿದು ಊಟದ ಎರಡನೇ ಪಂಕ್ತಿ ಕೂತಿದ್ದ ಹೊತ್ತಿನಲ್ಲಿ, ವರನ ಕೋಣೆಯಲ್ಲಿ ನೆಂಟರ ಪೈಕಿ ಹಿರಿಯರೊಬ್ಬರು ಮದುಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವನ ತೊಡೆಯ ಮೇಲೆ ಕೈಯಿಟ್ಟು ಬುದ್ಧಿ ಹೇಳುತ್ತಿದ್ದರು: "ನೋಡಪ್ಪ, ಅವಳು ಹತ್ತು ಮಾತಾಡಿದ್ರೆ ನೀನು ಒಂದಾಡು. ಹೆಂಗಸರ ಮನಸ್ಸು ಆ ದೇವರಿಗೂ ಗೊತ್ತಾಗಲ್ಲ, ನೀನು ಗೊತ್ತು ಮಾಡ್ಕೊಳ್ಳೋಕೆ ಹೋಗ್ಬೇಡ." ಹೆಚ್ಚು ಕಡಿಮೆ ಅದೇ ಹೊತ್ತಿನಲ್ಲಿ ವಧುವಿನ ಕೋಣೆಯಲ್ಲಿ ಏನು ನಡೆಯುತ್ತಿತ್ತೆಂಬುದನ್ನು ನನ್ನ ಹೆಂಡತಿ ಬಸ್ಸಿನಲ್ಲಿ ವಾಪಸು ಬರುವಾಗ ಹೇಳಿದಳು. ಅಲ್ಲಿ ಹುಡುಗಿಯ ಸೋದರತ್ತೆ, "ಗಂಡಸರು ಹಾಗೇ ಕಣಮ್ಮ, ಬಾಯಿ ಬಿಟ್ಟು ಏನೂ ಹೇಳಲ್ಲ. ಮುಖ ನೋಡಿ ನೀನೇ ತಿಳ್ಕೋಬೇಕು" ಎಂದು ಹೇಳಿಕೊಟ್ಟರಂತೆ.

ಇಬ್ಬರು ಹಿರಿಯರೂ ಒಳ್ಳೆಯವರು. ಮಕ್ಕಳ ಸಂಸಾರ ಚೆನ್ನಾಗಿರಲಿ ಎಂದೇ ಹಾಗೆ ಹೇಳಿದವರು. ಆದರೆ ಆ ಎರಡು ಮಾತುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ನನಗೆ ದಿಗಿಲಾಯಿತು. ಒಂದೇ ಮುಹೂರ್ತದಲ್ಲಿ ಒಬ್ಬನಿಗೆ ಹೆಂಡತಿಯ ಮನಸ್ಸನ್ನು ತಿಳಿಯುವ ಕೆಲಸದಿಂದ ಬಿಡುಗಡೆ ಸಿಕ್ಕಿತ್ತು, ಇನ್ನೊಬ್ಬಳಿಗೆ ಗಂಡನ ಮನಸ್ಸನ್ನು ಓದುವ ಕೆಲಸ ಅಂಟಿಕೊಂಡಿತ್ತು. ಇನ್ನು ಹತ್ತು ವರ್ಷ ಕಳೆದ ಮೇಲೆ ಅವನಿಗೆ ಅವಳ ಮನಸ್ಸು ತಿಳಿಯದಿದ್ದರೆ, ಅವಳಿಗೆ ಅವನ ಮನಸ್ಸು ತಿಳಿದಿದ್ದರೆ, ಗಂಡಿನ ಸ್ವಭಾವವೇ ಅಂಥದ್ದು, ಹೆಣ್ಣಿನ ಸ್ವಭಾವವೇ ಇಂಥದ್ದು ಎಂದು ಇದೇ ಹಿರಿಯರು ಇನ್ನೊಂದು ಛತ್ರದಲ್ಲಿ ಕೂತು ಹೇಳುತ್ತಾರೆ. ನಾನು ಚಿಕ್ಕಬಳ್ಳಾಪುರದಲ್ಲಿ ಪಿಯುಸಿ ಮಕ್ಕಳಿಗೆ ಅರ್ಥಶಾಸ್ತ್ರ ಪಾಠ ಮಾಡುವವನು. ಮನಶ್ಶಾಸ್ತ್ರ ನನ್ನ ವಿಷಯವಲ್ಲ. ಆದರೂ ಈ "ಸ್ವಭಾವ" ಎಂಬ ಮಾತಿನ ಬಗ್ಗೆ ಬಹಳ ದಿನಗಳಿಂದ ಮನಸ್ಸಿನಲ್ಲಿರುವುದನ್ನು ಬರೆಯಬೇಕೆನ್ನಿಸಿದೆ. ಅದಕ್ಕೆ ನಾನು ನಮ್ಮ ಮನೆಯ ಹಿಂದಿನ ರೇಷ್ಮೆ ಹುಳು ಮನೆಯಿಂದಲೇ ಶುರುಮಾಡಬೇಕು.

ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿ. ಎರಡು ಎಕರೆ ಹಿಪ್ಪುನೇರಳೆ ತೋಟ, ಒಂದು ಬಾವಿ, ಬಿದಿರಿನ ತಟ್ಟೆಗಳನ್ನು ಸಾಲಾಗಿ ಜೋಡಿಸಿದ ಹುಳು ಮನೆ. ರೇಷ್ಮೆ ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಕಳಚುತ್ತದೆ. ಪ್ರತಿ ಸಲವೂ ಸುಮಾರು ಒಂದು ದಿನ ಮೇವು ಬಿಟ್ಟು, ತಲೆಯೆತ್ತಿಕೊಂಡು, ಅಲುಗಾಡದೆ ನಿಂತುಬಿಡುತ್ತದೆ. ಇದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಹುಳು ಒಂದನೇ ಜ್ವರಕ್ಕೆ ಕೂತಿದೆ, ನಾಲ್ಕನೇ ಜ್ವರದಿಂದ ಎದ್ದಿದೆ, ಹೀಗೆ. ಜ್ವರಕ್ಕೆ ಕೂರುವ ಹೊತ್ತನ್ನು ಸರಿಯಾಗಿ ಗುರುತಿಸಿ ಸೊಪ್ಪು ನಿಲ್ಲಿಸಬೇಕು, ಹಾಸಿಗೆ ಒಣಗಿರಲೆಂದು ಸುಣ್ಣದ ಪುಡಿ ಉದುರಿಸಬೇಕು, ಎಲ್ಲ ಹುಳುವೂ ಎದ್ದ ಮೇಲೆಯೇ ಮತ್ತೆ ಸೊಪ್ಪು ಕೊಡಬೇಕು. ಅವಸರ ಮಾಡಿದರೆ ಮೊದಲು ಎದ್ದವು ತಿಂದು ಮುಂದಕ್ಕೆ ಹೋಗುತ್ತವೆ, ಉಳಿದವು ಹಿಂದೆ ಬೀಳುತ್ತವೆ, ಬೆಳೆ ಏರುಪೇರಾಗುತ್ತದೆ. ನಮ್ಮಪ್ಪ ಇದರಲ್ಲಿ ನಿಪುಣರು. ರಾತ್ರಿ ಲಾಟೀನು ಹಿಡಿದು ಒಂದು ತಟ್ಟೆಯ ಮುಂದೆ ಬಗ್ಗಿದರೆ, ಹುಳುವಿನ ಮೈ ಹೊಳಪು, ತಲೆಯ ಬಣ್ಣ, ಸೊಪ್ಪಿನ ಅಂಚನ್ನು ಅದು ಕಚ್ಚಿರುವ ರೀತಿ ಇಷ್ಟರಿಂದಲೇ "ಬೆಳಗಿನ ಜಾವಕ್ಕೆ ಕೂತ್ಕೊತಾವೆ" ಎಂದು ಹೇಳುತ್ತಿದ್ದರು. ಬೆಳಗಿನ ಜಾವಕ್ಕೆ ಅವು ಕೂತಿರುತ್ತಿದ್ದವು. ಹಾಲುತೊಂಡೆಯೋ ಸಪ್ಪೆ ರೋಗವೋ ಮೊದಲ ಹುಳುವಿಗೆ ತಗಲಿದಾಗಲೇ ಅವರಿಗೆ ಗೊತ್ತಾಗುತ್ತಿತ್ತು. ಸುತ್ತಲಿನ ಹಳ್ಳಿಯವರು ತಮ್ಮ ಹುಳುವನ್ನು ಒಮ್ಮೆ ನೋಡಿ ಹೋಗಿ ಎಂದು ಅಪ್ಪನನ್ನು ಕರೆದೊಯ್ಯುತ್ತಿದ್ದರು.

1988ನೇ ಇಸವಿ, ನಮ್ಮೂರು ಇನ್ನೂ ಕೋಲಾರ ಜಿಲ್ಲೆಗೆ ಸೇರಿದ್ದ ಕಾಲ. ನನಗೆ ಹನ್ನೊಂದು ವರ್ಷ. ಹುಳು ನಾಲ್ಕನೇ ಜ್ವರದಿಂದ ಎದ್ದು ಎರಡು ದಿನವಾಗಿತ್ತು. ಒಂದು ಬೆಳೆಗೆ ಬೇಕಾಗುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಹೆಚ್ಚು ಖರ್ಚಾಗುವುದು ಈ ಕೊನೆಯ ಒಂದು ವಾರದಲ್ಲಿ. ಅಮ್ಮ ಬೆಳಗಿನ ಐದಕ್ಕೆ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದಳು. ರಾತ್ರಿ ಹನ್ನೊಂದಕ್ಕೆ ಕೊನೆಯ ಮೇವು ಹಾಕಿ ಮಲಗುತ್ತಿದ್ದಳು. ಮೂರನೆಯ ದಿನ ಸಂಜೆ ಪಕ್ಕದ ಮನೆಯ ದೊಡ್ಡಮ್ಮ ಮಜ್ಜಿಗೆ ಕೇಳಲು ಬಂದವರು, ಅಮ್ಮನ ಕೈಯಿಂದ ಚೆಂಬು ತೆಗೆದುಕೊಳ್ಳುವಾಗ ಬೆರಳು ತಾಗಿ, "ಅಯ್ಯೋ, ಮೈ ಕೆಂಡ ಆಗಿದೆಯಲ್ಲೇ" ಎಂದು ಕೂಗಿಕೊಂಡರು. ಶಿಡ್ಲಘಟ್ಟದ ಡಾಕ್ಟರು ನೋಡಿ ಟೈಫಾಯ್ಡ್ ಎಂದರು, ಜ್ವರ ಶುರುವಾಗಿ ನಾಲ್ಕೈದು ದಿನವಾದರೂ ಆಗಿರಬೇಕು ಎಂದರು. ಅಪ್ಪನಿಗೆ ನಿಜವಾಗಿಯೂ ಆಘಾತವಾಯಿತು. ವಾಪಸು ಬರುವ ಗಾಡಿಯಲ್ಲಿ ಅವರು ಅಮ್ಮನಿಗೆ ಕೇಳಿದ ಒಂದೇ ಮಾತು ನನಗೆ ಇವತ್ತಿಗೂ ಕೇಳಿಸುತ್ತದೆ: "ಒಂದು ಮಾತು ಹೇಳ್ಬಾರ್ದಾ?"

ಹುಳು ಅವರಿಗೆ ಯಾವತ್ತೂ ಏನನ್ನೂ ಹೇಳಿರಲಿಲ್ಲ.

ನಾನು ಇದನ್ನು ಅಪ್ಪನ ಮೇಲಿನ ದೂರಾಗಿ ಬರೆಯುತ್ತಿಲ್ಲ. ಅವರು ಅಮ್ಮನನ್ನು ಹೊಡೆದವರಲ್ಲ, ಬೈದವರಲ್ಲ. ಆ ಸಲದ ಬೆಳೆಯ ದುಡ್ಡನ್ನೆಲ್ಲ ಅವಳ ಔಷಧಿಗೆ ಸುರಿದವರು. ನಾನು ಹೇಳಬೇಕಾಗಿರುವುದು ಬೇರೆ. ಗಂಡಸರಿಗೆ ಸೂಕ್ಷ್ಮ ಗೊತ್ತಾಗುವುದಿಲ್ಲ, ಅವರ ಮನಸ್ಸಿನ ರಚನೆಯೇ ಹಾಗೆ ಎಂದು ಯಾರಾದರೂ ಹೇಳಿದಾಗಲೆಲ್ಲ ನನಗೆ ಲಾಟೀನು ಹಿಡಿದು ಬಗ್ಗಿದ ಅಪ್ಪ ನೆನಪಾಗುತ್ತಾರೆ. ಬಾಯಿಲ್ಲದ ಜೀವವೊಂದರ ಆಯಾಸವನ್ನು ಅದರ ಚರ್ಮದ ಹೊಳಪಿನಿಂದ ಓದಬಲ್ಲ ಕಣ್ಣಿಗೆ ಸೂಕ್ಷ್ಮತೆಯ ಕೊರತೆಯಿತ್ತು ಎಂದು ನಾನು ಒಪ್ಪಲಾರೆ. ಆ ಕಣ್ಣು ಎಲ್ಲಿ ನೋಡಬೇಕೆಂದು ಬದುಕು ಅವರಿಗೆ ಕಲಿಸಿತ್ತೋ ಅಲ್ಲಿ ನೋಡುತ್ತಿತ್ತು. ಹುಳು ಕೆಟ್ಟರೆ ಅನ್ನ ಕೆಡುತ್ತದೆ. ಅಮ್ಮ ಕೆಡುವುದಿಲ್ಲ ಎಂಬ ನಂಬಿಕೆ ಮಾತ್ರ ಮನೆಯ ಗೋಡೆಯಷ್ಟೇ ಗಟ್ಟಿಯಾಗಿತ್ತು.

ಅಮ್ಮನೂ ಓದುತ್ತಿದ್ದಳು. ಗೂಡು ತೆಗೆದುಕೊಂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗುತ್ತಿದ್ದವರು ಅಪ್ಪ. ಹರಾಜಾಗಿ, ದುಡ್ಡು ಕೈಗೆ ಬಂದು, ಅವರು ಮನೆಗೆ ಬರುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗುತ್ತಿತ್ತು. ಅವರು ಜಗಲಿಯ ಮುಂದೆ ಚಪ್ಪಲಿ ಬಿಡುವ ಸದ್ದಿನಿಂದಲೇ ಅಮ್ಮನಿಗೆ ಆ ದಿನದ ಬೆಲೆ ಗೊತ್ತಾಗುತ್ತಿತ್ತು. ಖಾಲಿ ಚೀಲವನ್ನು ಗೂಟಕ್ಕೆ ಸಿಕ್ಕಿಸಿದರೆ ಪರವಾಗಿಲ್ಲ, ಮೂಲೆಗೆ ಎಸೆದರೆ ಇವತ್ತು ಏನೂ ಕೇಳಬಾರದು. ನಮ್ಮ ಶಾಲೆಯ ಫೀಸು, ಅಕ್ಕನ ಲಂಗದ ಬಟ್ಟೆ, ತವರಿಗೆ ಹೋಗಿಬರುವ ಬಸ್ಸಿನ ದುಡ್ಡು ಎಲ್ಲವೂ ಆ ಓದಿನ ಮೇಲೆ ನಿಂತಿತ್ತು. ಕೇಳಿ ಪಡೆಯಬೇಕಾದವರು ಕೊಡುವವರ ಮುಖವನ್ನು ಓದಲು ಕಲಿಯುತ್ತಾರೆ. ಕೆಲಸಗಾರ ಯಜಮಾನನ ಮುಖವನ್ನು ಓದುವುದೂ, ಸಾಲಗಾರ ಲೇವಾದೇವಿಯವನ ಮುಖವನ್ನು ಓದುವುದೂ ಹೀಗೆಯೇ. ಅವರು ಗಂಡಸರೇ ಆಗಿದ್ದರೂ ಆ ವಿದ್ಯೆಯಲ್ಲಿ ಹಿಂದೆ ಬಿದ್ದವರಲ್ಲ. ಹೆಂಗಸರ ಒಳದೃಷ್ಟಿ ಎಂದು ನಾವು ಹೊಗಳುವ ಸಂಗತಿಯಲ್ಲಿ ಈ ಕೇಳಿ ಪಡೆಯುವ ಸ್ಥಿತಿಯ ಪಾಲು ಬಹಳ ದೊಡ್ಡದು ಎಂಬುದು ನನ್ನ ಖಚಿತ ಅಭಿಪ್ರಾಯ.

ಇದು ನನ್ನೊಬ್ಬನ ಊಹೆಯೂ ಅಲ್ಲ. ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದ ಕ್ಲೈನ್ ಮತ್ತು ಹಾಜಸ್ ಎಂಬ ಇಬ್ಬರು ಸಂಶೋಧಕರು 2001ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಒಬ್ಬಾಕೆ ತನ್ನ ಕಷ್ಟವನ್ನು ಹೇಳಿಕೊಳ್ಳುವ ವಿಡಿಯೋ ತೋರಿಸಿ, ಆ ಕ್ಷಣಗಳಲ್ಲಿ ಅವಳ ಮನಸ್ಸಿನಲ್ಲಿ ಏನಿತ್ತೆಂದು ಊಹಿಸಲು ವಿದ್ಯಾರ್ಥಿಗಳಿಗೆ ಹೇಳಿದರು. ಅವಳ ಬಗ್ಗೆ ನಿಮಗೆಷ್ಟು ಮರುಕ ಎಂದು ಮೊದಲೇ ಕೇಳಿದಾಗ, ಅಂದರೆ ಇದು ಅಂತಃಕರಣದ ಪರೀಕ್ಷೆ ಎಂಬ ಸುಳಿವು ಸಿಕ್ಕಾಗ, ಹುಡುಗಿಯರು ಹುಡುಗರಿಗಿಂತ ಮುಂದಿದ್ದರು. ಸರಿಯಾಗಿ ಊಹಿಸಿದ್ದಕ್ಕೆ ದುಡ್ಡು ಕೊಡುತ್ತೇವೆ ಎಂದಾಗ ಇಬ್ಬರೂ ಚೆನ್ನಾಗಿ ಊಹಿಸಿದರು. ಹೆಣ್ಣು ಗಂಡಿನ ನಡುವಿನ ಅಂತರ ಅಳಿಸಿಹೋಯಿತು. ಅರ್ಥಶಾಸ್ತ್ರ ಓದಿದ ನನಗೆ ಇದರಲ್ಲಿ ಅಚ್ಚರಿಯೇನೂ ಕಾಣಲಿಲ್ಲ. ನಮ್ಮ ಹುಳು ಮನೆಯಲ್ಲಿ ಈ ಪ್ರಯೋಗ ಪ್ರತಿ ಬೆಳೆಯಲ್ಲೂ ನಡೆದಿತ್ತು.

ಮಾತಿನ ವಿಷಯವೂ ಹೀಗೆಯೇ. ಹೆಂಗಸರು ದಿನಕ್ಕೆ 20,000 ಪದ ಆಡುತ್ತಾರೆ, ಗಂಡಸರು 7,000 ಮಾತ್ರ ಎಂಬ ಲೆಕ್ಕವೊಂದು ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಈಗಲೂ ಓಡಾಡುತ್ತದೆ. 2006ರಲ್ಲಿ ಬಂದ ಅಮೆರಿಕದ ಜನಪ್ರಿಯ ಪುಸ್ತಕವೊಂದರಿಂದ ಹರಡಿದ ಈ ಲೆಕ್ಕಕ್ಕೆ ಯಾರೂ ನಿಜವಾಗಿ ಎಣಿಸಿದ ಆಧಾರವಿರಲಿಲ್ಲ. ಮನಶ್ಶಾಸ್ತ್ರಜ್ಞ ಮಥಿಯಾಸ್ ಮೆಹ್ಲ್ ಮತ್ತು ಸಂಗಡಿಗರು ಎಣಿಸಿದರು. ಅಮೆರಿಕ ಮತ್ತು ಮೆಕ್ಸಿಕೊದ 396 ವಿದ್ಯಾರ್ಥಿಗಳಿಗೆ ಧ್ವನಿಮುದ್ರಕ ಕಟ್ಟಿ, ಅವರ ದಿನದ ಮಾತಿನ ತುಣುಕುಗಳನ್ನು ಹಿಡಿದು, 2007ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಫಲಿತಾಂಶ ಕೊಟ್ಟರು: ದಿನಕ್ಕೆ ಹೆಂಗಸರದು ಸರಾಸರಿ 16,215 ಪದ, ಗಂಡಸರದು 15,669. ಲೆಕ್ಕಕ್ಕೆ ಹಿಡಿಯುವಂಥ ಅಂತರವಲ್ಲ. ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ನಾಲ್ಕು ದೇಶಗಳ ಸುಮಾರು 2,200 ಜನರನ್ನು ಒಳಗೊಂಡು 2025ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ, 25ರಿಂದ 64 ವಯಸ್ಸಿನ ಹೆಂಗಸರು ಅದೇ ವಯಸ್ಸಿನ ಗಂಡಸರಿಗಿಂತ ದಿನಕ್ಕೆ ಸುಮಾರು 3,000 ಪದ ಹೆಚ್ಚು ಆಡುತ್ತಾರೆಂದು ಕಂಡುಬಂತು. ಅದಕ್ಕಿಂತ ಚಿಕ್ಕವರಲ್ಲಿ, ದೊಡ್ಡವರಲ್ಲಿ ಅಂಥ ಅಂತರ ಸಿಗಲಿಲ್ಲ. ಆ ನಡುವಯಸ್ಸು ಮಕ್ಕಳನ್ನು ಎಬ್ಬಿಸುವ, ಉಣ್ಣಿಸುವ, ಓದಿಸುವ, ವಯಸ್ಸಾದವರನ್ನು ವಿಚಾರಿಸುವ ವಯಸ್ಸು. "ಏಳು, ಹೊತ್ತಾಯ್ತು, ಹಲ್ಲುಜ್ಜು, ನೀರು ಕುಡಿ, ಟಿಫಿನ್ ಇಟ್ಕೊಂಡ್ಯಾ" ಎಂದು ಬೆಳಗಾಗೆದ್ದು ಒಬ್ಬರು ಹೇಳಲೇಬೇಕು. ಅದನ್ನು ಹೇಳುವವರನ್ನು ನಾವು ವಾಚಾಳಿ ಎನ್ನುತ್ತೇವೆ.

ಮಾತಿಲ್ಲದ ಗಂಡಸು ಎಂಬ ಚಿತ್ರವನ್ನೂ ನಾನು ಹತ್ತಿರದಿಂದ ನೋಡಿದ್ದೇನೆ. ಗೂಡಿನ ಮಾರುಕಟ್ಟೆಯಲ್ಲಿ ನಮ್ಮಪ್ಪ ಹರಾಜಿಗಿಟ್ಟ ತಮ್ಮ ಗೂಡಿನ ರಾಶಿಯ ಪಕ್ಕ ಕೂತು ಬೆಳಗಿನಿಂದ ಸಂಜೆಯವರೆಗೆ ಮಾತಾಡುತ್ತಿದ್ದರು. ಮಳೆ, ಸೊಪ್ಪು, ಮೊಟ್ಟೆಯ ತಳಿ, ಗೂಡು ಕೊಂಡು ನೂಲು ತೆಗೆಯುವ ರೀಲರುಗಳ ಚೌಕಾಸಿ, ರಾಜಕೀಯ, ಯಾವುದನ್ನೂ ಬಿಡುತ್ತಿರಲಿಲ್ಲ. ಮನೆಗೆ ಬಂದರೆ ಮೌನ. ಅಮ್ಮನದು ಇದಕ್ಕೆ ತದ್ವಿರುದ್ಧ: ಊರ ಕಟ್ಟೆಯಲ್ಲಿ, ಬ್ಯಾಂಕಿನಲ್ಲಿ, ಮಾರುಕಟ್ಟೆಯಲ್ಲಿ ಬಾಯಿ ತೆರೆಯದವಳು ಮನೆಯೊಳಗೆ ಮಾತಾಡುತ್ತಿದ್ದಳು. ಇಬ್ಬರ ದಿನದ ಮಾತನ್ನು ಯಾರಾದರೂ ಎಣಿಸಿದ್ದರೆ ಅಪ್ಪನದೇ ಹೆಚ್ಚಾಗುತ್ತಿತ್ತೋ ಏನೋ.

ಆದರೆ ಆ ಮನೆಯೊಳಗಿನ ಮೌನ ಅಪ್ಪನನ್ನೂ ತಿಂದಿತು. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಮೇಲಿನ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಿದರು. ಗೂಡಿನ ಬೆಲೆ ನೆಲ ಕಚ್ಚಿತು. ಅಪ್ಪ ಕೊಳವೆಬಾವಿಗೆಂದು ಸಾಲ ಮಾಡಿದ್ದರು. ಬೆಲೆ ಎಷ್ಟು ಬಿದ್ದಿದೆ, ಬಡ್ಡಿ ಎಷ್ಟು ಬೆಳೆದಿದೆ ಎಂಬುದನ್ನು ಅವರು ಅಮ್ಮನಿಗೂ ನನಗೂ ಏಳೆಂಟು ತಿಂಗಳು ಹೇಳಲಿಲ್ಲ. ರಾತ್ರಿ ಎದ್ದು ಹುಳು ಮನೆಯಲ್ಲಿ ಹೋಗಿ ಕೂರುತ್ತಿದ್ದರು. ಆ ಹೊತ್ತಿನಲ್ಲಿ ಅಲ್ಲಿ ಹುಳುವೂ ಇರಲಿಲ್ಲ, ಬರೀ ಖಾಲಿ ತಟ್ಟೆಗಳು. ಗಂಡಸಾದವನು ಮನೆಯವರ ಮುಂದೆ ಕೈಚೆಲ್ಲಬಾರದು ಎಂಬುದನ್ನು ಅವರಿಗೆ ಯಾರೋ ಕಲಿಸಿದ್ದರು. "ಅಳೋ ಗಂಡಸನ್ನ ನಂಬಬಾರದು, ನಗೋ ಹೆಂಗಸನ್ನ ನಂಬಬಾರದು" ಎಂಬ ಗಾದೆ ನಮ್ಮಲ್ಲಿದೆಯಲ್ಲ, ಅದನ್ನು ನಾನು ಬಹಳ ಕ್ರೂರವಾದ ಗಾದೆ ಎಂದು ತಿಳಿದಿದ್ದೇನೆ. ಹೆಣ್ಣಿನಿಂದ ನಗುವನ್ನೂ ಗಂಡಿನಿಂದ ಅಳುವನ್ನೂ ಒಂದೇ ಏಟಿಗೆ ಕಿತ್ತುಕೊಂಡ ಗಾದೆ ಅದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ ತಮ್ಮ ಜೀವವನ್ನು ತಾವೇ ತೆಗೆದುಕೊಂಡ 1,70,924 ಜನರಲ್ಲಿ 1,22,724 ಮಂದಿ ಗಂಡಸರು. ಆ ಸಂಖ್ಯೆಗೆ ಕಾರಣಗಳು ಹಲವು. ಆದರೆ ಮನೆಯಲ್ಲಿ ಹೇಳಿಕೊಳ್ಳಲು ಬಾಯಿ ಬಾರದಿರುವುದು ಅವುಗಳಲ್ಲಿ ಒಂದೆಂದು, ಖಾಲಿ ತಟ್ಟೆಗಳ ನಡುವೆ ಕೂತಿದ್ದ ಅಪ್ಪನನ್ನು ಕಂಡ ನಾನು ನಂಬಿದ್ದೇನೆ. ಕೊನೆಗೆ ಅವರ ಸಾಲದ ಸುದ್ದಿಯನ್ನು ಕಂಡುಹಿಡಿದವಳು ಅಮ್ಮನೇ. ಅದೇ ಚಪ್ಪಲಿಯ ಸದ್ದಿನ ಓದು. ತನ್ನ ಎರಡು ಬಳೆ ಮತ್ತು ಓಲೆಯನ್ನು ತಂದು ಅವರ ಮುಂದಿಟ್ಟಳು.

ಆ ಒಡವೆಯ ಬಗ್ಗೆಯೂ ಒಂದು ಮಾತು. ಹೆಂಗಸರಿಗೆ ಒಡವೆಯ ಆಸೆ, ದುಡ್ಡಿದ್ದವನನ್ನು ನೋಡಿ ಮದುವೆಯಾಗುತ್ತಾರೆ ಎಂಬ ದೂರನ್ನು ನನ್ನ ತರಗತಿಯ ಹುಡುಗರೂ ಹೇಳುತ್ತಾರೆ. ಅಮ್ಮನ ಬಳೆಗಳು ನಾನು ಕಂಡಂತೆ ಅವಳ ಕೈಯಲ್ಲಿದ್ದುದಕ್ಕಿಂತ ಹೆಚ್ಚು ಕಾಲ ಗಿರವಿ ಅಂಗಡಿಯಲ್ಲಿದ್ದವು. ಮೊಟ್ಟೆಗೆ, ಗೊಬ್ಬರಕ್ಕೆ, ನನ್ನ ಹಾಸ್ಟೆಲಿಗೆ ಅವು ಹೋಗಿ ಬಂದವು. 2015-16ರ ಕೃಷಿ ಗಣತಿಯ ಪ್ರಕಾರ ದೇಶದ ಸಾಗುವಳಿ ಹಿಡುವಳಿಗಳಲ್ಲಿ ಹೆಂಗಸರ ಕೈಯಲ್ಲಿರುವುದು ನೂರಕ್ಕೆ 14ರಷ್ಟು ಮಾತ್ರ. ಹೊಲ ತನ್ನ ಹೆಸರಿನಲ್ಲಿಲ್ಲದವಳಿಗೆ ಮೈಮೇಲಿನ ಚಿನ್ನವೇ ಹೊಲ. ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಡುವ ತಿದ್ದುಪಡಿ 1994ರಲ್ಲೇ ಬಂತು, ಇಡೀ ದೇಶಕ್ಕೆ 2005ರಲ್ಲಿ ಬಂತು. ಹಾಗಿದ್ದರೂ ನಮ್ಮ ಅಕ್ಕ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದಳು, ನಾನು ಹಾಕಿಸಿಕೊಂಡೆ. ಸಬ್ ರಿಜಿಸ್ಟ್ರಾರ್ ಕಚೇರಿಯ ಹೊರಗೆ ಅವಳಿಗೆ ಒಂದು ಸೀರೆ, ಎಳನೀರು ಕೊಡಿಸಿದ್ದು ನೆನಪಿದೆ. ಅದು ತಪ್ಪು ಎಂದು ನನಗೆ ಆಗಲೂ ಗೊತ್ತಿತ್ತು.

ಪ್ರೀತಿಯಲ್ಲಿ ಹೆಣ್ಣೇ ಮೊದಲು ಸೋಲುತ್ತಾಳೆ ಎಂಬ ನಂಬಿಕೆಯ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. ಪ್ರೀತಿಸುತ್ತೇನೆ ಎಂಬ ಮಾತನ್ನು ಮೊದಲು ಆಡುವವರು ಹೆಚ್ಚಾಗಿ ಗಂಡಸರೇ ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ, ನಮ್ಮ ಕಾಲೇಜಿನ ಬೆಂಚುಗಳ ಮೇಲೆ ಕೊರೆದ ಹೆಸರುಗಳೂ ಅದನ್ನೇ ಹೇಳುತ್ತವೆ. ಹಾಗೆಂದು ಹೆಣ್ಣು ಗಂಡಿನ ನಡುವೆ ವ್ಯತ್ಯಾಸವೇ ಇಲ್ಲವೆಂದು ನಾನು ವಾದಿಸುವುದಿಲ್ಲ. ಜ್ಯಾನೆಟ್ ಹೈಡ್ ಎಂಬ ಮನಶ್ಶಾಸ್ತ್ರಜ್ಞೆ 2005ರಲ್ಲಿ, ಈ ವ್ಯತ್ಯಾಸಗಳ ಬಗೆಗಿನ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ಮಾಡಿದ 46 ಸಮಗ್ರ ವಿಶ್ಲೇಷಣೆಗಳನ್ನು ಹರಡಿಕೊಂಡು ನೋಡಿದಾಗ, ಅಳೆದ ವ್ಯತ್ಯಾಸಗಳಲ್ಲಿ ನೂರಕ್ಕೆ 78ರಷ್ಟು ತೀರಾ ಚಿಕ್ಕವು ಅಥವಾ ಇಲ್ಲವೆನ್ನುವಷ್ಟಿದ್ದವು. ದೈಹಿಕ ಆಕ್ರಮಣಶೀಲತೆಯಂಥ ಕೆಲವು ವಿಷಯಗಳಲ್ಲಿ ಮಾತ್ರ ಎದ್ದು ಕಾಣುವ ಅಂತರವಿತ್ತು. ಆ ಉಳಿದ ಅಂತರವನ್ನು ಒಪ್ಪೋಣ. ಅದಷ್ಟೇ ಆಧಾರದ ಮೇಲೆ ಛತ್ರದ ಕೋಣೆಯಲ್ಲಿ ಇಡೀ ಸಂಸಾರದ ಕೆಲಸವನ್ನು ಹಂಚಿಬಿಡುವುದನ್ನು ನಾನು ಒಪ್ಪುವುದಿಲ್ಲ.

ಆ ಹಂಚಿಕೆ ಎಂಥದ್ದೆಂದು ನಾನೇ ಪ್ರತಿವರ್ಷ ಕಪ್ಪು ಹಲಗೆಯ ಮೇಲೆ ಬರೆಯುತ್ತೇನೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, ಮಾಡುವ ಗಂಡಸರು 97 ನಿಮಿಷ. ಅದರಲ್ಲೂ ಅಂಥ ಕೆಲಸಕ್ಕೆ ಕೈ ಹಾಕುವ ಗಂಡಸರೇ ನೂರಕ್ಕೆ 26 ಮಂದಿ. 2024ರ ಸಮೀಕ್ಷೆಯಲ್ಲಿ ಹೆಂಗಸರದು 289ಕ್ಕೆ ಇಳಿಯಿತು. ಗಂಡಸರದೂ 88ಕ್ಕೆ ಇಳಿಯಿತು. ಈ ಅಂಕಿಗಳನ್ನು ಬರೆದು, ಕೈಯ ಸೀಮೆಸುಣ್ಣ ಒರೆಸಿಕೊಂಡು ಮನೆಗೆ ಬಂದ ನಾನು ಒಂದು ಸಂಜೆ ನನ್ನಮ್ಮನ ಬಿಪಿ ಮಾತ್ರೆ ಮುಗಿದುಹೋಗಿರುವುದನ್ನು ಕಂಡೆ. ನನ್ನ ಹೆಂಡತಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಚುನಾವಣೆ ಕೆಲಸಕ್ಕೆಂದು ಮೂರು ದಿನ ಬೇರೆ ಊರಿಗೆ ಹೋಗಿದ್ದಳು. ಖಾಲಿ ಹಾಳೆಯಲ್ಲಿ ಹತ್ತು ಗುಳಿಗಳೂ ಒಡೆದಿದ್ದವು. ಅವಳು ಬಂದ ಮೇಲೆ ನಾನು ಕೇಳಿದೆ: "ಹೋಗೋವಾಗ ಒಂದು ಮಾತು ಹೇಳ್ಬಾರ್ದಿತ್ತಾ?" ಆ ಮಾತು ಬಾಯಿಂದ ಹೊರಬಿದ್ದ ಕ್ಷಣವೇ ನನಗೆ ಶಿಡ್ಲಘಟ್ಟದಿಂದ ವಾಪಸು ಬರುತ್ತಿದ್ದ ಆ ಗಾಡಿ ನೆನಪಾಯಿತು. ಅವಳು ಚೀಲ ಕೆಳಗಿಟ್ಟು, ಕೋಪವಿಲ್ಲದೆ, "ನಿಮ್ಮಮ್ಮನ ಮಾತ್ರೆ ಎಷ್ಟಿದೆ ಅಂತ ನಾನು ಯಾರನ್ನ ಕೇಳಿ ತಿಳ್ಕೊಂಡೆ ರೀ?" ಎಂದಳು.

ಈಗ ಭಾನುವಾರ ಬೆಳಿಗ್ಗೆ ಮಾತ್ರೆಗಳನ್ನು ನಾನೇ ಎಣಿಸಿ ಡಬ್ಬಿಗೆ ತುಂಬುತ್ತೇನೆ. ಇದು ದೊಡ್ಡ ಸಂಗತಿಯಲ್ಲ. ಆದರೆ ಎಣಿಸಲು ಕೂತ ಮೇಲೆ, ಅಮ್ಮ ಯಾವ ಮಾತ್ರೆಯನ್ನು ನುಂಗಲಾರದೆ ಎರಡು ಚೂರು ಮಾಡಿಕೊಳ್ಳುತ್ತಾಳೆ, ಯಾವುದನ್ನು ತೆಗೆದುಕೊಂಡ ದಿನ ಊಟ ಸೇರುವುದಿಲ್ಲ ಎಂಬುದೆಲ್ಲ ನನಗೂ ಕಾಣತೊಡಗಿತು. ಕೆಲಸ ಕೈಗೆ ಬಂದ ಮೇಲೆ ಕಣ್ಣು ಬಂತು.

ಬರೆಯುತ್ತಾ ಬರೆಯುತ್ತಾ ಇನ್ನೊಂದು ಗಮನಕ್ಕೆ ಬಂತು. ಈ ಬರಹದುದ್ದಕ್ಕೂ ನಾನು "ಅಪ್ಪ ಬಂದರು" ಎಂದಿದ್ದೇನೆ, "ಅಮ್ಮ ಬಂದಳು" ಎಂದಿದ್ದೇನೆ. ತಿದ್ದಲು ಹೊರಟು ಎರಡು ಸಾಲುಗಳಲ್ಲಿ "ಅಮ್ಮ ಬಂದರು" ಎಂದು ಬರೆದು ನೋಡಿದೆ. ಅಮ್ಮ ಯಾರದೋ ಮನೆಯವರಂತೆ ದೂರವಾಗಿ ಕಂಡಳು. ಅಪ್ಪನಿಗೆ ಗೌರವ, ಅಮ್ಮನಿಗೆ ಸಲಿಗೆ ಎಂದು ಭಾಷೆ ಕೂಡ ಹಂಚಿಬಿಟ್ಟಿದೆ. ಹಾಗೆಯೇ ಬಿಟ್ಟಿದ್ದೇನೆ, ಆದರೆ ಸಮಾಧಾನದಿಂದ ಬಿಟ್ಟಿಲ್ಲ.

ಅಪ್ಪ ಹುಳು ಸಾಕುವುದನ್ನು ಬಿಟ್ಟು ಆರು ವರ್ಷವಾಯಿತು. ತೋಟವನ್ನು ಗುತ್ತಿಗೆಗೆ ಕೊಟ್ಟಿದ್ದೇವೆ, ಹುಳು ಮನೆಯಲ್ಲಿ ಈಗ ಸೌದೆ, ಹುಳು ಗೂಡು ಕಟ್ಟಲು ಬಿಡುತ್ತಿದ್ದ ಹಳೆಯ ಚಂದ್ರಿಕೆಗಳು ಬಿದ್ದಿವೆ. ಅಮ್ಮನಿಗೆ ಎರಡೂ ಮಂಡಿ ನೋವು. ಕಳೆದ ತಿಂಗಳು ಎಲ್ಲರೂ ಊರಿಗೆ ಹೋದಾಗ ನಾನೂ ಅಪ್ಪನೂ ಜಗಲಿಯಲ್ಲಿ ಕೂತಿದ್ದೆವು. ಒಳಗೆ ಅಮ್ಮ ನಡುಮನೆಯ ಹೊಸ್ತಿಲು ದಾಟುವ ಸದ್ದಾಯಿತು. ಅಪ್ಪ ತಲೆಯೆತ್ತದೆ, "ಇವತ್ತು ಎಡಗಾಲು" ಎಂದರು. ಅವಳು ಹೊರಗೆ ಬಂದಾಗ ಎಡಗಾಲನ್ನು ಎಳೆಯುತ್ತಿದ್ದಳು. ಅಪ್ಪ ಎಣ್ಣೆ ಬಿಸಿ ಮಾಡಲು ಒಳಗೆ ಹೋದರು. ನನಗೆ ಗಂಟಲು ಕಟ್ಟಿತು. ಅಪ್ಪನಿಗೆ ಎಷ್ಟು ಚೆನ್ನಾಗಿ ಗೊತ್ತಾಗುತ್ತದಲ್ಲಮ್ಮ ಎಂದೆ.

ಅಮ್ಮ ಮಂಡಿ ನೀವಿಕೊಳ್ಳುತ್ತಾ ಹಳೆಯ ಹುಳು ಮನೆಯ ಕಡೆ ನೋಡಿದಳು. "ಈಗ ಹುಳು ಇಲ್ವಲ್ಲಪ್ಪ" ಎಂದಳು.